ಬಳೆಯ ಕೈ ಮುಟ್ಟದ ಹಿಟ್ಟು

ನನ್ನ ಮಾವನವರಿಗೆ ಸಮುದ್ರವೆಂದರೆ ತಾತ್ಸಾರ. ವಿಶಾಖಪಟ್ಟಣಕ್ಕೆ ಬಂದ ಹೊಸದರಲ್ಲಿ ಅವರನ್ನು ಬೀಚಿಗೆ ಕರೆದುಕೊಂಡು ಹೋಗಿದ್ದೆ. ದೇಶದ ಮೂಲೆಮೂಲೆಯಿಂದ ಜನ ರೈಲು ಹತ್ತಿ ಬಂದು ಬಾಯಿ ಬಿಟ್ಟು ನೋಡುವ ಆ ಸಮುದ್ರವನ್ನು ಅವರು ಎಡದಿಂದ ಬಲಕ್ಕೆ ಒಮ್ಮೆ ನೋಡಿ, "ಇಷ್ಟ್ ನೀರ ಇಟ್ಕೊಂಡ ಏನ್ ಮಾಡ್ತಾರವಾ? ಬಾಯಿ ಮುಕ್ಕಳಸಾಕೂ ಬರೂದಿಲ್ಲ" ಎಂದು ಬೆನ್ನು ತಿರುಗಿಸಿ ಕೂತರು. ಅವರ ಮಗ, ಅಂದರೆ ನನ್ನ ಗಂಡ, ಅದೇ ನೀರಿನ ಮೇಲೆ ತೇಲಿಕೊಂಡು ಸಂಬಳ ತರುವ ನೌಕಾಪಡೆಯವನು ಎಂಬುದು ಅವರಿಗೆ ಮುಖ್ಯವಾಗಿ ಕಾಣಲಿಲ್ಲ. ಉಪ್ಪುನೀರಿನ ಸಂಬಳ, ಅಷ್ಟೇ.

ಅವರು ಸರ್ಕಾರಿ ಬಸ್ಸಿನ ನಿವೃತ್ತ ಕಂಡಕ್ಟರು. ಊರು ಬಾಗಲಕೋಟೆ ಕಡೆ, ಕೃಷ್ಣಾ ನದಿಯ ದಂಡೆ. ಕೆಲಸದಲ್ಲಿದ್ದಾಗ ರಜೆಯ ದಿನ, ನಿವೃತ್ತಿಯಾದ ಮೇಲೆ ದಿನಾಲೂ, ಚಳಿಗಾಲ ಬಂತೆಂದರೆ ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕೂರುವುದೇ ಅವರ ಪೂಜೆ. ಅವರಿಗೆ ಬೇಕಾದದ್ದು ಒಂದೇ ಮೀನು, ಗೆಂಡೆ. ಬೆಳ್ಳಿಯ ಬಣ್ಣದ ದೊಡ್ಡ ದೊಡ್ಡ ಹುರುಪೆ, ಬಾಯಿಯ ಅಂಚಿನಲ್ಲಿ ಎಳೆ ಮೀಸೆ, ಮೈತುಂಬ ಮುಳ್ಳು. ನನ್ನ ಗಂಡನ ಬಾಲ್ಯದ ಕತೆಗಳಲ್ಲೆಲ್ಲ ಈ ಮೀನು ಬಂದೇ ಬರುತ್ತದೆ. ಅಪ್ಪ ಊಟಕ್ಕೆ ಕೂತು, ಬಲಗೈಯ ಬೆರಳುಗಳಿಂದ ಮುಳ್ಳನ್ನೆಲ್ಲ ಹಿರಿದು, ಮೊದಲ ತುಂಡನ್ನು ಅವ್ವನ ತಾಟಿಗೆ ಹಾಕುತ್ತಿದ್ದನಂತೆ. ಮಕ್ಕಳ ಸರದಿ ಆಮೇಲೆ. "ಅಪ್ಪ ಮುಳ್ಳ ತಗದ ಮೀನ ತಿನ್ನಬೇಕ ನೋಡ ನೀ" ಎಂದು ಅವನು ಹೇಳುವಾಗಲೆಲ್ಲ ನಾನು, "ತಗದ ಕೊಡಾಕ ನಿನಗ ಬರೂದಿಲ್ಲಲ್ಲ, ಅದನ್ನ ಹೇಳು" ಎನ್ನುತ್ತಿದ್ದೆ. ನಮ್ಮ ಅತ್ತೆಯನ್ನು ನಾನು ನೋಡಿಲ್ಲ. ಮದುವೆಗೆ ಮೊದಲೇ ತೀರಿಕೊಂಡಿದ್ದರು.

ಹೋದ ಮಳೆಗಾಲದಲ್ಲಿ ಮಾವನವರಿಗೆ ಲಕ್ವ ಹೊಡೆಯಿತು. ಗಂಡ ರಜೆ ಹಾಕಿ ಹೋಗಿ, ವಿಶಾಖಪಟ್ಟಣದ ಗಾಜುವಾಕದಲ್ಲಿರುವ ನಮ್ಮ ಬಾಡಿಗೆ ಮನೆಗೆ ಅವರನ್ನು ಕರೆತಂದು ಬಿಟ್ಟು, ಹಡಗು ಹತ್ತಿ ಹೋದ. ಮಹಾನುಭಾವ! ಮಾವನವರಿಗೆ ಕಾಲು ಬೇಗ ಮರಳಿತು, ಮಾತು ಅದಕ್ಕಿಂತ ಬೇಗ. ಮಾತು ಇನ್ನಷ್ಟು ತಡವಾಗಿದ್ದರೂ ನಾನೇನು ದೂರುತ್ತಿರಲಿಲ್ಲ. ಬಾರದೆ ಉಳಿದದ್ದು ಬಲಗೈ. ಮೊಣಕೈವರೆಗೆ ಏಳುತ್ತಿತ್ತು, ಬೆರಳು ಮಾತ್ರ ಮಡಚಲು ಒಲ್ಲೆ ಎನ್ನುತ್ತಿದ್ದವು. ಬದುಕಿನುದ್ದಕ್ಕೂ ಟಿಕೆಟ್ ಹರಿದ ಬೆರಳುಗಳು.

ಕೈ ಬಾರದಿದ್ದರೆ ಏನಾಯಿತು, ಎಡಗೈ ಇದೆಯಲ್ಲ ಎಂದು ನಿಮಗೆ ಅನ್ನಿಸಬಹುದು. ಎಡಗೈಯಲ್ಲಿ ಉಣ್ಣುವುದೇ? ಸೊಸೆಯ ಎದುರಿಗೆ? ಅದಕ್ಕಿಂತ ಉಪವಾಸ ವಾಸಿ. ಸೊಸೆ ತುತ್ತು ಮಾಡಿ ಬಾಯಿಗಿಡುವುದಂತೂ ಶಿವ ಶಿವಾ, ಆ ಮಾತು ಎತ್ತಿದ್ದಕ್ಕೇ ಅವರು ಇಡೀ ದಿನ ನನ್ನ ಮುಖ ನೋಡಲಿಲ್ಲ. ಚಮಚ ಕೊಟ್ಟರೆ ಅದನ್ನೂ ಎಡಗೈಯಲ್ಲೇ ಹಿಡಿಯಬೇಕಲ್ಲ! ಹಾಗಾಗಿ ತಾಟು ತೆಗೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಏನು ನಡೆಯುತ್ತಿತ್ತೋ ದೇವರೇ ಬಲ್ಲ, ತಾಟು ಹೋದ ಹಾಗೆಯೇ ಹೊರಗೆ ಬರುತ್ತಿತ್ತು. ಕೇಳಿದರೆ, "ಹಸಿವಿಲ್ಲವಾ." ಬೆಳಿಗ್ಗೆ ಹಸಿವಿಲ್ಲ, ಮಧ್ಯಾಹ್ನ ಹಸಿವಿಲ್ಲ, ರಾತ್ರಿಗೆ ಅಷ್ಟೊತ್ತಿಗೆಲ್ಲ ನಿದ್ದೆ. ಅಂಗಿ ದಿನೇ ದಿನೇ ದೊಡ್ಡದಾಗುತ್ತ ಹೋಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಹೊಲಿಗೆ ಹಾಕಿ ಕೊಟ್ಟೆ. ನನಗೆ ಹೆದರಿಕೆ ಶುರುವಾದದ್ದು ಆಗ. ಬೈದಾಡಲು ಮನೆಯಲ್ಲಿ ಇದ್ದವರೇ ಅವರೊಬ್ಬರು. ಅವರೂ ಹೀಗೆ ಕರಗಿಹೋದರೆ ನಾನು ಯಾರ ಜೊತೆ ಜಗಳವಾಡಲಿ?

ಸಮುದ್ರದ ದೊಡ್ಡ ಮೀನು ವಂಜರಂ ತಂದು ಮಾಡಿದೆ. ಒಂದೂ ಮುಳ್ಳಿಲ್ಲ, ಬಾಯಲ್ಲಿಟ್ಟರೆ ಕರಗುತ್ತದೆ, ಇಲ್ಲಿನವರು ಹಬ್ಬಕ್ಕೆ ತಿನ್ನುವ ಮೀನು. ಮಾವನವರು ತುಂಡನ್ನು ತಿರುಗಿಸಿ ನೋಡಿ, "ಮುಳ್ಳ ಇಲ್ಲದ್ದೂ ಒಂದ ಮೀನೇನ? ಸಾಬೂನ ತಿಂದಂಗ ಆಕ್ಕೈತಿ" ಎಂದು ಸರಿಸಿಬಿಟ್ಟರು. ಸಾಬೂನಿನ ರುಚಿ ಅವರಿಗೆ ಹೇಗೆ ಗೊತ್ತೋ ನಾನು ಕೇಳಲಿಲ್ಲ.

ಮನೆಗೇ ಬಂದು ಕೈಗೆ ವ್ಯಾಯಾಮ ಮಾಡಿಸಲು ಒಬ್ಬ ಫಿಸಿಯೋಥೆರಪಿ ಹುಡುಗಿಯನ್ನು ಗೊತ್ತು ಮಾಡಿದೆ. ಪಾಪ, ಒಳ್ಳೆಯ ಹುಡುಗಿ. ಹಳದಿ ರಬ್ಬರ್ ಚೆಂಡು ತಂದು ಅವರ ಅಂಗೈಯಲ್ಲಿಟ್ಟು, "ಅಂಕುಲ್ ಗಾರು, ಗಟ್ಟಿಗಾ ಪಟ್ಟುಕೋಂಡಿ" ಎಂದು ನಗುನಗುತ್ತ ಹೇಳಿದಳು. ಗಟ್ಟಿಯಾಗಿ ಹಿಡಿಯುವುದು ಬಿಟ್ಟು ಅಂಕುಲ್ ಗಾರು ನನ್ನ ಕಡೆ ತಿರುಗಿದರು.

"ಚಂಡ ಆಡಾಕ ನಾ ಏನ ಕೂಸೇನ?"

"ಆಡಾಕಲ್ರೀ ಮಾವಾರ, ಬೆರಳ ಮಡಚಾಕ."

"ಬೆರಳ ತಮಗ ಬೇಕಾದಾಗ ಮಡಚ್ತಾವ. ಅವಸರ ಮಾಡಿದ್ರ ಬಸ್ಸ ಲಗೂನ ಬರ್ತೈತೇನು?"

ಸಂಜೆಯ ಹೊತ್ತಿಗೆ ಚೆಂಡು ಬಾಲ್ಕನಿಯಿಂದ ಕೆಳಗೆ ಬಿದ್ದಿತ್ತು. ನಮ್ಮ ಬೀದಿಯ ನಾಯಿಗಳು ಅದನ್ನು ಬಹಳ ಶ್ರದ್ಧೆಯಿಂದ ಬಳಸಿದವು. ಅವುಗಳ ದವಡೆ ಎಷ್ಟು ಸುಧಾರಿಸಿತೆಂದರೆ ಹಾಲಿನವನು ಆಮೇಲೆ ಒಳಗೆ ಬರಲೇ ಹೆದರುತ್ತಿದ್ದ.

ಹಡಗು ಯಾವುದಾದರೂ ಬಂದರಿಗೆ ತಗುಲಿದಾಗ ಗಂಡನ ಫೋನು ಬರುತ್ತಿತ್ತು. ಮೊದಲ ಪ್ರಶ್ನೆ, "ಅಪ್ಪ ಉಂಡನೇನು?" ನಾನು ಹೇಗಿದ್ದೇನೆ ಎಂಬುದು ಮೂರನೆಯದೋ ನಾಲ್ಕನೆಯದೋ, ಅಷ್ಟರಲ್ಲಿ ಲೈನು ಹೋಗುತ್ತಿತ್ತು. ಒಮ್ಮೆ ತಡೆಯಲಾಗದೆ ಹೇಳಿಬಿಟ್ಟೆ, "ಉಂಡಿಲ್ಲ. ಉಣ್ಣೂದೂ ಇಲ್ಲ. ನಿಮ್ಮಪ್ಪಗ ಮರ್ಯಾದಿ ಹೊಟ್ಟಿಗಿಂತ ದೊಡ್ಡದು." ಈ ಸಲ ಲೈನು ಹೋಗಲಿಲ್ಲ. "ಏನರ ಮಾಡ" ಎಂದ. ಸಮುದ್ರದ ನಡುವೆ ನಿಂತು ಏನಾದರೂ ಮಾಡು ಎನ್ನುವುದು ಸುಲಭ.

ವಿಜಯವಾಡದ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ತಮ್ಮನ ಕೆಲಸ. ಅಲ್ಲಿ ನರರೋಗದ ಹಿರಿಯ ಡಾಕ್ಟರೊಬ್ಬರಿದ್ದಾರೆ, ಸಂಕ್ರಾಂತಿ ಮುಗಿಯುತ್ತಲೇ ಕರೆದುಕೊಂಡು ಬಾ, ಕೆಲವು ದಿನ ನನ್ನ ರೂಮಿನಲ್ಲೇ ಇರಿ ಎಂದ. ಮಾವನವರಿಗೆ ಹೇಳಿದೆ. ಡಾಕ್ಟರ ಹೆಸರು ಎತ್ತುತ್ತಲೇ ಕಣ್ಣು ಮುಚ್ಚಿ ಮಲಗಿಬಿಟ್ಟರು. ನಾನು ಬಟ್ಟೆ ಮಡಿಸುತ್ತ, ಯಾರಿಗೋ ಹೇಳುವವಳಂತೆ, "ಅಲ್ಲಿ ಕೃಷ್ಣಾ ಹೊಳಿ ಐತಂತ, ತಮ್ಮನ ರೂಮಿನ ಬಾಗಲದಾಗ" ಎಂದೆ. ಒಂದು ಕಣ್ಣು ತೆರೆಯಿತು.

"ಯಾವ ಕೃಷ್ಣಾ?"

"ಎಷ್ಟ ಕೃಷ್ಣಾ ಅದಾವ್ರಿ ಮಾವಾರ? ನಿಮ್ಮದ."

ಇನ್ನೊಂದು ಕಣ್ಣೂ ತೆರೆಯಿತು. ಮರುದಿನ ಬೆಳಗಿನೊಳಗೆ ಅವರ ಚೀಲ ತಯಾರಾಗಿ ಬಾಗಿಲ ಬಳಿ ಕೂತಿತ್ತು. ಊರಿನಿಂದ ಬರುವಾಗ ಹಾಸಿಗೆಯ ನಡುವೆ ಸುತ್ತಿಕೊಂಡು ಬಂದಿದ್ದ ಗಾಳದ ಕೋಲು ಅದೇ ಮೊದಲ ಬಾರಿ ನನ್ನ ಕಣ್ಣಿಗೆ ಬಿತ್ತು. ತವರಿನಿಂದ ನನಗೆ ರೊಟ್ಟಿಗೆಂದು ಕಳಿಸಿದ್ದ ಜೋಳದ ಹಿಟ್ಟೂ ಡಬ್ಬಿಯಿಂದ ಮಾಯವಾಗಿತ್ತು.

ದುವ್ವಾಡದಲ್ಲಿ ರೈಲು ಹತ್ತಿದೆವು. ದಾರಿಯಲ್ಲಿ ಗೋದಾವರಿ ಬಂತು. ಜನ ಕಿಟಕಿಯಿಂದ ಕೈಮುಗಿದರು, ಕಾಸು ಎಸೆದರು. ಮಾವನವರು ಸೇತುವೆ ಮುಗಿಯುವವರೆಗೆ ಸುಮ್ಮನೆ ನೋಡಿ, "ಅಗಲ ಐತಿ. ಆದ್ರ ನಮ್ಮದಲ್ಲ" ಎಂದು ತೀರ್ಪು ಕೊಟ್ಟರು. ಎದುರಿಗೆ ಕೂತಿದ್ದ ಹೆಂಗಸು ಪುಳಿಹೋರದ ಪೊಟ್ಟಣ ಬಿಚ್ಚಿ, "ತೀಸುಕೋಂಡಿ ತಾತಗಾರು" ಎಂದು ಅವರ ಮುಂದೆ ಹಿಡಿದಳು. ಹುಣಸೆಹಣ್ಣು, ಸಾಸಿವೆ ಒಗ್ಗರಣೆಯ ವಾಸನೆ ಬೋಗಿಯ ತುಂಬ ಹರಡಿತ್ತು. ಅವರ ಗಂಟಲು ಏರಿಳಿದದ್ದನ್ನು ನಾನು ನೋಡಿದೆ. ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡು, "ಹಸಿವಿಲ್ಲ" ಎಂದರು. ಅವರನ್ನು ಹಿಡಿದು ಅಲುಗಾಡಿಸಬೇಕು ಎನ್ನಿಸುವಷ್ಟು ಸಿಟ್ಟು ಬಂತು ನನಗೆ, ಅಳುವೂ ಬಂತು. ಪುಳಿಹೋರ ನಾನೇ ತಿಂದೆ.

ಡಾಕ್ಟರು ಒಳ್ಳೆಯವರು, ಮಾತು ನೇರ. ನರ ಸತ್ತಿಲ್ಲ, ಕೆಲಸ ಕೊಟ್ಟರೆ ಕೈ ಬರುತ್ತದೆ, ಕೊಡದೆ ಈ ಚಳಿಗಾಲವನ್ನೂ ಹೀಗೇ ಕಳೆದರೆ ಬೆರಳು ಸೆಟೆದು ಹಾಗೇ ಉಳಿಯುತ್ತವೆ ಎಂದರು. ಅದಕ್ಕಿಂತ ಮೊದಲು ಹೊಟ್ಟೆಗೆ ಬೀಳಬೇಕು, ಮೈಯಲ್ಲಿ ಏನೂ ಇಲ್ಲ ಎಂದೂ ಹೇಳಿದರು. ಇನ್ನೊಂದು ಚೆಂಡು ಬರೆದುಕೊಟ್ಟರು. ಈ ಸಲ ನೀಲಿ. ಮಾವನವರು ಅದನ್ನು ಜೇಬಿಗೆ ಹಾಕಿಕೊಂಡು, ಹೊರಗೆ ಬರುತ್ತಲೇ ಕೇಳಿದ್ದು ಒಂದೇ, "ಹೊಳಿ ಎಲ್ಲೈತಿ?"

ಹೊಳೆ ಅಮ್ಮನವರ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟದ ಬುಡದಲ್ಲಿತ್ತು, ಎಲ್ಲಿಗೆ ಹೋಗುತ್ತದೆ? ಮರುದಿನ ಮುಂಜಾನೆ ತಮ್ಮ ನಮ್ಮನ್ನು ಆಟೋದಲ್ಲಿ ಕರೆದೊಯ್ದ. ವಿಜಯವಾಡದ ಚಳಿಗಾಲವೆಂದರೆ ಫ್ಯಾನಿನ ವೇಗವನ್ನು ಒಂದು ಕಡಿಮೆ ಮಾಡುವುದು, ಅಷ್ಟೇ. ಆದರೂ ನದಿಯ ಮೇಲೆ ತೆಳ್ಳಗೆ ಮಂಜಿತ್ತು, ಊರಿನವರೆಲ್ಲ ಹಿಮಾಲಯಕ್ಕೆ ಹೊರಟವರಂತೆ ಟೋಪಿ ಮಫ್ಲರು ಸುತ್ತಿಕೊಂಡಿದ್ದರು. ಮಾವನವರು ಘಾಟಿನ ಮೆಟ್ಟಿಲಿಳಿದು ಎಡಗೈಯಲ್ಲಿ ನೀರು ಮುಟ್ಟಿ, ಬಲಗೈಗೆ ಸವರಿ, ಕಣ್ಣಿಗೆ ಒತ್ತಿಕೊಂಡರು. ನೋಡಿ ನನಗೆ ಏನೋ ಆಯಿತು. ಅದು ಪೂರ್ತಿ ಆಗುವುದರೊಳಗೆ ಅವರು ಅದೇ ಘಾಟಿನಲ್ಲಿ ಗಾಳದ ಕೋಲು ಬಿಚ್ಚತೊಡಗಿದರು. ಭಕ್ತರು ಎಸೆದ ಮಂಡಕ್ಕಿಗೆ ಮೀನು ಮುತ್ತಿಕೊಂಡಿದ್ದನ್ನು ಅವರ ಕಂಡಕ್ಟರ್ ಕಣ್ಣು ಆಗಲೇ ಎಣಿಸಿಯಾಗಿತ್ತು. ಕಾವಲಿನವನು ಸೀಟಿ ಊದಿಕೊಂಡು ಓಡಿಬಂದ. ಅಮ್ಮನವರ ಗುಡಿಯ ಬುಡದಲ್ಲಿ ಮೀನು ಹಿಡಿಯಲು ಕೂತ ಮೊದಲ ಭಕ್ತರು ಬಹುಶಃ ನಾವೇ.

ಗುಡಿ, ಘಾಟು, ಸೀಟಿ ಎಲ್ಲದರಿಂದ ದೂರ, ಹೊಳೆಯ ಮೇಲ್ಗಡೆ, ಆಪು ಹುಲ್ಲು ಬೆಳೆದ ಒಂದು ದಂಡೆಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಬೇರೆಯವರೂ ಅಲ್ಲೊಬ್ಬರು ಇಲ್ಲೊಬ್ಬರು ಗಾಳ ಹಾಕಿ ಕೂರುತ್ತಿದ್ದರು. ತಮ್ಮ ನಮಗೆ ಚಾಪೆ ಹಾಸಿ, ಹೋಟೆಲಿನ ಇಡ್ಲಿ ಪೊಟ್ಟಣ ಕೊಟ್ಟ. ಮಾವನವರು ಚೀಲದಿಂದ ಒಂದೊಂದೇ ಸಾಮಾನು ತೆಗೆದರು. ದಾರ, ನೀರಲ್ಲಿ ತೇಲುವ ಬೆಂಡು, ಗಾಳ, ನನ್ನ ಜೋಳದ ಹಿಟ್ಟು, ಶೇಂಗಾ ಹಿಂಡಿ, ಚಿಟಿಕೆ ಇಂಗು. ಹಿಟ್ಟನ್ನು ಬಿಸಿನೀರಿನಲ್ಲಿ ಹಿಂಡಿಯ ಜೊತೆ ನಾದಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸಬೇಕು. ಫ್ಲಾಸ್ಕಿನಲ್ಲಿ ಬಿಸಿನೀರಿತ್ತು. ನಾನು ಬಟ್ಟಲು ಎಳೆದುಕೊಂಡೆ.

"ಮುಟ್ಟಬ್ಯಾಡ!"

ಬಸ್ಸಿನ ಕೊನೆಯ ಸೀಟಿಗೆ ಕೇಳುವಂಥ ದನಿ. ಆಪಿನ ಹಕ್ಕಿಗಳೆಲ್ಲ ಹಾರಿದವು.

"ಗಾಳದ ಹಿಟ್ಟಿಗೆ ಹೆಣ್ಣಮಕ್ಕಳ ಕೈ ತಾಕಬಾರದು. ತಾಕಿದ್ರ ಗೆಂಡಿ ಬಾಯಿ ಹಾಕೂದಿಲ್ಲ. ನಿಮ್ಮತ್ತಿ ಸೈತ ಮುಟ್ಟತಿದ್ದಿಲ್ಲ. ನಾದೂದ ನೋಡಬಾರದು ಅಂತ ಬೆನ್ನ ಮಾಡಿ ಕುಂಡ್ರತಿದ್ಲು."

ಎಂಥ ಸಂಸ್ಕಾರವಂತ ಮೀನು ನೋಡಿ! ಕೃಷ್ಣೆಯ ಉದ್ದಕ್ಕೂ ಹೆಂಗಸರು ಬಟ್ಟೆ ಒಗೆಯುತ್ತಾರೆ, ಪಾತ್ರೆ ತೊಳೆಯುತ್ತಾರೆ, ಮುಳುಗಿ ಸ್ನಾನ ಮಾಡುತ್ತಾರೆ, ಆಗೆಲ್ಲ ಅದಕ್ಕೆ ಮೈಲಿಗೆಯಿಲ್ಲ. ಒಂದು ಉಂಡೆ ಹಿಟ್ಟಿಗೆ ಬಳೆಯ ಕೈ ತಾಗಿದರೆ ಮಾತ್ರ ಧರ್ಮ ಕೆಡುತ್ತದೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗಂಡು ಕುಲದ ಪರವಾಗಿ ತಮ್ಮ ಹಿಟ್ಟು ನಾದಿದ. ಆಸ್ಪತ್ರೆಯಲ್ಲಿ ರಕ್ತದ ಸೀಸೆ ಅಲುಗಾಡಿಸುವ ಹುಡುಗ, ಹುಟ್ಟಿದಾಗಿನಿಂದ ರೊಟ್ಟಿ ತಿಂದಿದ್ದಾನೆಯೇ ಹೊರತು ತಟ್ಟಿದವನಲ್ಲ. ಪಾಯಸವಾಗಬಹುದಾದಷ್ಟು ನೀರು ಹಾಕಿ, ಗಾಳಕ್ಕೆ ಮೆತ್ತಿ ಕೊಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಓಡಿಹೋದ.

ಮಾವನವರು ಎಡಗೈಯಲ್ಲಿ ಗಾಳ ಬೀಸಿದರು. ಉಂಡೆ ಅರ್ಧ ದಾರಿಯಲ್ಲೇ ಕಳಚಿ ನೀರಿಗೆ ಬಿತ್ತು, ಬರಿಯ ಕೊಕ್ಕೆ ಬೇರೆ ಕಡೆ ಬಿತ್ತು. ಆ ಬರಿಯ ಕೊಕ್ಕೆಯ ಮೇಲಿನ ಬೆಂಡನ್ನು ಬಹಳ ಹೊತ್ತು ನೋಡುತ್ತ ಕೂತರು.

"ಗೆಂಡಿ ನಮ್ಮ ಕಡೆಯವ" ಎಂದರು. "ಮಳಿಗಾಲದಾಗ ಡ್ಯಾಮಿನ ಗೇಟ ತಗದಾಗ ತೇಲಿ ಬಂದಿರ್ತಾವ. ಇದು ಕೊನೀ ಸ್ಟಾಪು. ನಮ್ಮ ಜ್ವಾಳದ ವಾಸನಿ ಅವಕ್ಕ ಗುರ್ತ ಸಿಗತೈತಿ."

ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ, ಇಷ್ಟು ಗೋಡೆ ಹಾರಿ ಬಾಗಲಕೋಟೆಯ ಗೆಂಡೆ ವಿಜಯವಾಡಕ್ಕೆ ಬಂದು, ಜೋಳದ ವಾಸನೆಗೆ ಕಣ್ಣೀರು ಹಾಕುತ್ತದೆ ಎಂದು ನಂಬಲು ನಮ್ಮ ಜಿಲ್ಲೆಯವರೇ ಆಗಬೇಕು. ನನಗೂ ಒಂದು ಕ್ಷಣ ನಂಬಬೇಕೆನಿಸಿತ್ತು, ಸುಳ್ಳೇಕೆ ಹೇಳಲಿ.

"ಹಿಟ್ಟ ನಿಂದ್ರವಲ್ದು. ಇನ್ನೊಮ್ಮೆ ನಾದಬೇಕು" ಎಂದರು.

"ತಮ್ಮ ಸಂಜಿಗೆ ಬರ್ತಾನ್ರಿ."

"ಸಂಜೀಗೆ ಯಾವ ಗೆಂಡಿ ಬರ್ತೈತಿ? ಚಳಿಗಾಲದಾಗ ಬಿಸಲ ಏರಿದ ಮ್ಯಾಲ ಅವು ಬಾಯಿ ತಗಿಯೂದು. ಈಗ."

"ಹಂಗಾರ ನಾ ನಾದ್ಲೇನ್ರಿ?"

"ಏ, ಬ್ಯಾಡಾ!"

ಆಗ ನನ್ನ ತಲೆಯಲ್ಲಿ ಏನೋ ಹೊಳೆಯಿತು. ಬಟ್ಟಲನ್ನು, ಹಿಟ್ಟಿನ ಪೊಟ್ಟಣವನ್ನು, ಫ್ಲಾಸ್ಕನ್ನು ಅವರ ಮುಂದೆ ಸರಿಸಿದೆ.

"ಹೆಣ್ಣಮಕ್ಕಳ ಕೈ ತಾಕಬಾರದು. ಗಂಡಸ ಅಂತ ಇಲ್ಲಿರೂದು ನೀವೊಬ್ರ. ನೀವ ನಾದ್ರಿ. ಒಂದ ಕೈಲೆ ಆಗೂದಿಲ್ಲ, ಬಟ್ಟಲ ಹಿಡಿಯಾಕ ಎಡಗೈ ಬೇಕು. ನಾ ನೋಡೂದೂ ಇಲ್ಲ. ಅತ್ತಿಯವರಂಗ ಬೆನ್ನ ಮಾಡಿ ಕುಂಡ್ರತೇನಿ."

ಅವರ ಉತ್ತರಕ್ಕೂ ಕಾಯದೆ ತಿರುಗಿ ಕೂತೆ. ಎದುರಿಗೆ ಇಂದ್ರಕೀಲಾದ್ರಿ, ಗುಡಿಯ ಗೋಪುರ. ಅಮ್ಮನವರೇ, ಈ ಮುದುಕನಿಗೆ ಸಿಟ್ಟಾದರೂ ಬರಲಿ ಎಂದು ಬೇಡಿಕೊಂಡೆ. ಹಿಂದಿನಿಂದ ಫ್ಲಾಸ್ಕಿನ ಮುಚ್ಚಳ ಕೆಳಗೆ ಬಿದ್ದ ಸದ್ದು. ನೀರು ಸುರಿದ ಸದ್ದು. ಬಟ್ಟಲು ಕಲ್ಲಿಗೆ ಉಜ್ಜಿದ ಸದ್ದು. ಒಮ್ಮೆ ಬಟ್ಟಲು ಉರುಳಿಯೇ ಹೋಯಿತು, ಅವರು ಯಾರನ್ನೋ ಬೈದರು, ಬಹುಶಃ ನನ್ನನ್ನೇ. ತಿರುಗಿ ನೋಡಬೇಕೆಂದು ಕುತ್ತಿಗೆ ತುಡಿಯುತ್ತಿತ್ತು. ನೋಡಲಿಲ್ಲ. ನೋಡಿದರೆ ಗೆಂಡೆ ಬರುವುದಿಲ್ಲವಲ್ಲ! ಉಸಿರು ಜೋರಾಗಿ ಬಿಡುತ್ತ, ನಿಲ್ಲಿಸುತ್ತ, ಮತ್ತೆ ಶುರು ಮಾಡುತ್ತ, ಎಷ್ಟು ಹೊತ್ತು ನಾದಿದರೋ, ನನ್ನ ಕಾಲು ಜೋಮು ಹಿಡಿದಿತ್ತು. ಕೊನೆಗೆ, "ಹೂಂ, ತಿರಗು" ಎಂದರು.

ಬಟ್ಟಲಲ್ಲಿ ಉಂಡೆ ಎನ್ನಲೂ ಆಗದ, ಮುದ್ದೆ ಎನ್ನಲೂ ಆಗದ ಒಂದು ವಸ್ತುವಿತ್ತು. ಬಲಗೈಯ ಬೆರಳ ಸಂದಿಯಲ್ಲೆಲ್ಲ ಹಿಟ್ಟು. ಅವರು ಮುಖ ಹೊಳೆಯ ಕಡೆ ಮಾಡಿಕೊಂಡಿದ್ದರು. ನಾನೂ ಗೋಪುರದ ಬಗ್ಗೆ ಏನೋ ಮಾತಾಡಿದೆ.

ಇಷ್ಟಾದ ಮೇಲೆ ಮೀನು ಬಂದಿದ್ದರೆ ಈ ಕತೆಗೆ ಎಷ್ಟು ಚೆನ್ನಾಗಿರುತ್ತಿತ್ತು. ಬರಲಿಲ್ಲ. ಆ ಜೋಳದ ಉಂಡೆಯನ್ನು ವಿಜಯವಾಡದ ಯಾವ ಜಲಚರವೂ ಮೂಸಿ ಸಹ ನೋಡಲಿಲ್ಲ. ಬಿಸಿಲು ಏರಿತು, ಇಳಿಯಿತು. ಹಸಿವಾಗಿ ಇಡ್ಲಿ ಪೊಟ್ಟಣ ಬಿಚ್ಚಿದೆ. ಮಾವನವರು ಎಂದಿನಂತೆ ತಲೆ ಅಲ್ಲಾಡಿಸಿದರು. ನನ್ನ ಕೈ ಜಾರಿ ಅರ್ಧ ಇಡ್ಲಿ ದಂಡೆಯಿಂದ ಉರುಳಿ ನೀರಿಗೆ ಬಿತ್ತು. ಅದು ಮುಳುಗುವುದರೊಳಗೆ ನೀರು ಕುದಿದಂತೆ ಎದ್ದಿತು. ಬೆಳ್ಳಿಯ ಹುರುಪೆ, ಮೀಸೆಯ ಬಾಯಿ, ಬಾಲದ ಬಡಿತ, ಒಂದು ಗಳಿಗೆಯಲ್ಲಿ ಇಡ್ಲಿ ಇಲ್ಲ.

ಮಾವನವರು ಎದ್ದೇ ನಿಂತರು.

"ಇಡ್ಲಿ!" ಎಂದರು. ಆ ಮುಖವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಥೂ ಇವನೌನ, ಇಡ್ಲಿ ತಿನ್ನೂ ಗೆಂಡಿ! ನಮ್ಮ ಹೊಳ್ಯಾಗ ಹುಟ್ಟಿ!"

"ಬಂದ ಬಾಳ ವರ್ಷ ಆಗಿರಬೇಕ್ರಿ. ಈ ಕಡೆ ಊಟ ರೂಢಿ ಆಗೇತಿ" ಎಂದೆ. "ನನ್ನ ನೋಡ್ರಿ, ಕಾಯಿಪಲ್ಯದವನಿಗೆ ಹೌದ್ರಿ ಅನ್ನೂ ಬದಲ ಅವುನಂಡಿ ಅಂತೇನಿ."

ಅವರು ನಗಲಿಲ್ಲ. ಬರೀ ಇಡ್ಲಿ ಗಾಳಕ್ಕೆ ನಿಲ್ಲುವುದಿಲ್ಲ, ನೀರು ಮುಟ್ಟಿದರೆ ಬಿಚ್ಚಿಕೊಳ್ಳುತ್ತದೆ. ಜೋಳದ ಹಿಟ್ಟಿನಲ್ಲಿ ಇಡ್ಲಿ ಹಿಸುಕಿ, ಒಂದು ಗಂಟೂ ಉಳಿಯದಂತೆ ನಾದಿದರೆ ನಿಂತೀತು. ಅಂದರೆ ಮೊದಲಿಗಿಂತ ಹೆಚ್ಚು ಕೆಲಸ. ಅವರು ಬಟ್ಟಲನ್ನು ನೋಡಿದರು, ತಮ್ಮ ಬಲಗೈಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಆಗಲೇ ತಿರುಗಿ ಕೂತಿದ್ದೆ.

ಆ ದಿನ ಸಿಗಲಿಲ್ಲ, ಮರುದಿನವೂ ಇಲ್ಲ. ಆದರೆ ದಿನಾ ಮುಂಜಾನೆ ಟೋಪಿ ಹಾಕಿಕೊಂಡು ನನಗಿಂತ ಮೊದಲು ಬಾಗಿಲಲ್ಲಿ ನಿಂತಿರುತ್ತಿದ್ದರು. ನಾನು ದಿನಾ ಇಂದ್ರಕೀಲಾದ್ರಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಅಷ್ಟು ಹೊತ್ತು ದರ್ಶನ ಗುಡಿಯೊಳಗೆ ಸರದಿಯಲ್ಲಿ ನಿಂತವರಿಗೂ ಸಿಕ್ಕಿರಲಿಕ್ಕಿಲ್ಲ. ಹಿಂದಿನ ಸದ್ದುಗಳು ಬದಲಾಗುತ್ತ ಬಂದವು. ಬಟ್ಟಲು ಉರುಳುವುದು ನಿಂತಿತು. ಬೈಗುಳ ಕಡಿಮೆಯಾಗಿ ನನಗೆ ಸ್ವಲ್ಪ ಬೇಸರವೂ ಆಯಿತು. ನೀಲಿ ಚೆಂಡು ಮಾತ್ರ ಜೇಬಿನಲ್ಲೇ ಇತ್ತು, ಅದನ್ನು ಅವರು ಮುಟ್ಟಿದ್ದರೆ ನನ್ನ ಆಣೆ. ಊಟ ಇನ್ನೂ ಹಾಗೇ ಇತ್ತು. ತಮ್ಮನದು ಒಂದೇ ಕೋಣೆ, ಬಾಗಿಲು ಹಾಕಿಕೊಳ್ಳುವ ಸೌಕರ್ಯವಿಲ್ಲ. ಹಾಗಾಗಿ ನಾವು ಬಾಲ್ಕನಿಗೆ ಹೋಗಿ ನಿಂತು, ಅವರು ಗೋಡೆಯ ಕಡೆ ತಿರುಗಿ ಒಂದೆರಡು ತುತ್ತು ಮುಗಿಸುವವರೆಗೆ ಟ್ರಾಫಿಕ್ಕು ನೋಡುತ್ತಿದ್ದೆವು. ಕೈ ಬಂದರೂ ಆ ಹೊತ್ತಿಗೆ ತಿನ್ನಲು ಮನುಷ್ಯ ಉಳಿದಿರಬೇಕಲ್ಲ ಎಂಬ ಭಯ ನನ್ನನ್ನು ಬಿಟ್ಟಿರಲಿಲ್ಲ.

ನಾವು ವಿಶಾಖಪಟ್ಟಣಕ್ಕೆ ಮರಳುವ ಹಿಂದಿನ ದಿನ ಬೆಂಡು ಮುಳುಗಿತು. ಅಲುಗಾಡಿದ್ದಲ್ಲ, ಯಾರೋ ಕೆಳಗಿನಿಂದ ಎಳೆದಂತೆ ಮಾಯವಾಯಿತು. ಕೋಲು ಬಿಲ್ಲಿನಂತೆ ಬಾಗಿತು. ಮಾವನವರ ಎಡಗೈ ಒಂದೇ ಸಾಲದೆ ಕೋಲು ಜಾರತೊಡಗಿತು. ನಾನು ಎದ್ದು ಓಡಿದೆ.

"ದೂರ ಸರಿ! ಮುಂದ ಬರಬ್ಯಾಡ! ಸರಿ!"

ಕಂಡಕ್ಟರ್ ದನಿ. ಸರಿದೆ. ಅವರ ಬಲಗೈ ಶಾಲಿನಿಂದ ಹೊರಬಂದು ಕೋಲಿನ ಮೇಲೆ ಬಿತ್ತು. ಬೆರಳು ಒಂದರ ಹಿಂದೆ ಒಂದು ಮಡಚಿದವು. ಹಿಡಿದವು. ಗಟ್ಟಿಯಾಗಿ. ಆ ಫಿಸಿಯೋಥೆರಪಿ ಹುಡುಗಿ ಇರಬೇಕಿತ್ತು, ಅವಳು ಹೇಳಿಕೊಟ್ಟದ್ದನ್ನೇ ಅಂಕುಲ್ ಗಾರು ಮಾಡುತ್ತಿದ್ದರು. ಮೀನು ಒಮ್ಮೆ ಆಪಿನ ಕಡೆ, ಒಮ್ಮೆ ಆಳಕ್ಕೆ ಎಳೆಯಿತು, ಅವರು ಬಿಟ್ಟು, ಹಿಡಿದು, ಬಿಟ್ಟು, ಹಿಡಿದು, ಕೊನೆಗೆ ದಂಡೆಗೆ ತಂದು ಹಾಕಿ ಅದರ ಪಕ್ಕದಲ್ಲೇ ಕುಸಿದು ಕೂತರು. ಇಬ್ಬರೂ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು, ಮೀನೂ ಅವರೂ. ಒಂದು ಮೊಳ ಉದ್ದದ ಗೆಂಡೆ, ಆಂಧ್ರದ ಇಡ್ಲಿ ತಿಂದು ಮೈತುಂಬಿಕೊಂಡದ್ದು.

"ನೋಡಿದೇನವಾ?" ಎಂದರು. "ಹೆಣ್ಣಮಕ್ಕಳ ಕೈ ತಾಕಿಲ್ಲಂತ ಬಂತು."

"ಹೌದ್ರಿ ಮಾವಾರ" ಎಂದೆ. ಜೀವಮಾನದಲ್ಲಿ ನಾನು ಅಷ್ಟು ಸುಲಭವಾಗಿ ಒಪ್ಪಿದ್ದು ಅದೊಂದೇ ಮಾತು.

ಅಲ್ಲಿಂದ ಮುಂದೆ, ಆಶ್ಚರ್ಯವೆಂದರೆ, ಬಳೆಯ ಕೈಗೆ ಯಾವ ಅಡ್ಡಿಯೂ ಇರಲಿಲ್ಲ. ಹುರುಪೆ ಕೆರೆಯುವುದು, ಕರುಳು ತೆಗೆಯುವುದು, ಕತ್ತರಿಸುವುದು, ಹುಣಸೆಹುಳಿ ಕಿವುಚುವುದು, ಖಾರ ಅರೆಯುವುದು, ಎಲ್ಲಕ್ಕೂ ಧರ್ಮದ ಒಪ್ಪಿಗೆ ಇತ್ತು. ತಮ್ಮನ ರೂಮಿನ ಒಂದು ಒಲೆಯ ಮೇಲೆ ಸಾರು ಕುದಿಯಿತು. ಮೂವರಿಗೂ ಬಡಿಸಿ, ನಾನೂ ತಮ್ಮನೂ ರೂಢಿಯಂತೆ ತಾಟು ಎತ್ತಿಕೊಂಡು ಬಾಲ್ಕನಿಗೆ ಹೊರಟೆವು.

"ಎಲ್ಲಿಗೆ ಹೊಂಟ್ರಿ?" ಎಂದರು ಮಾವನವರು. "ಕುಂಡ್ರಿ. ಮೀನ ಆರತೈತಿ."

ಕೂತೆವು. ಅವರು ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡರು. ಬಲಗೈ ತಾಟಿಗೆ ಬಂತು. ಅನ್ನ ಅರ್ಧ ಚಾಪೆಗೆ ಚೆಲ್ಲಿತು. ತಮ್ಮ ಚಮಚ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನ ತೊಡೆ ಜಿಗುಟಿದೆ, ಇವತ್ತಿಗೂ ಅಲ್ಲಿ ಕಲೆ ಇದೆಯೆಂದು ದೂರುತ್ತಾನೆ. ಮಾವನವರು ಮೀನಿನ ತುಂಡು ಹಿಡಿದರು. ಜಾರಿತು. ಮತ್ತೆ ಹಿಡಿದರು. ಹೆಬ್ಬೆರಳಿನಿಂದ ಒತ್ತಿ, ತೋರುಬೆರಳಿನಿಂದ ಸವರಿ, ಕೂದಲೆಳೆಯಂಥ ಒಂದು ಮುಳ್ಳು ಹಿರಿದು ತಾಟಿನ ಅಂಚಿಗೆ ಇಟ್ಟರು. ಇನ್ನೊಂದು. ಹಣೆಯಲ್ಲಿ ಬೆವರು. ನಾವಿಬ್ಬರೂ ಉಣ್ಣುವುದನ್ನು ಮರೆತು, ಉಣ್ಣುತ್ತಿರುವವರಂತೆ ತಾಟಿನಲ್ಲಿ ಬೆರಳಾಡಿಸುತ್ತಿದ್ದೆವು. ಕೊನೆಗೆ ಬಿಳಿಯ ಒಂದು ತುಂಡು ಸಿದ್ಧವಾಯಿತು. ಈಗ ಬಾಯಿಗೆ ಹೋಗುತ್ತದೆ ಎಂದುಕೊಂಡೆ.

ಅವರ ಕೈ ಮೆಲ್ಲಗೆ ಎದ್ದು, ಅವರ ತಾಟು ದಾಟಿ, ಬಂದು ನನ್ನ ತಾಟಿನ ಮೇಲೆ ನಿಂತಿತು. ಬೆರಳು ಬಿಚ್ಚಿದವು.

"ತಿನ್ನವಾ. ಮುಳ್ಳ ತಗದೇನಿ."

ಬಾಯಿಗಿಟ್ಟುಕೊಂಡೆ. ಅದರಲ್ಲಿ ಎಷ್ಟು ಮುಳ್ಳಿದ್ದವೆಂದರೆ, ನಾಲಿಗೆ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

"ಏನರ ಉಳದಾವೇನು?" ಎಂದು ಕೇಳಿದರು, ನನ್ನ ಮುಖವನ್ನೇ ನೋಡುತ್ತ.

"ಒಂದೂ ಇಲ್ರಿ ಮಾವಾರ."

"ನಾ ತಗದಿದ್ದು. ಹೆಂಗ ಉಳಿತಾವ?" ಎಂದು ಅವರು ಎರಡನೆಯ ತುಂಡಿಗೆ ಕೈ ಹಾಕಿದರು, ತಮ್ಮ ಬಾಯಿಗೇ ಇಟ್ಟುಕೊಂಡರು, ನುಂಗಿದರು. ಮತ್ತೊಂದು. ಸಾರು ಮೊಣಕೈವರೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ತಾಟು ಬರಿದಾಯಿತು. ಅದನ್ನು ಒಂದು ಕ್ಷಣ ನೋಡಿ, ಬಲಗೈಯಿಂದಲೇ ನನ್ನ ಕಡೆ ತಳ್ಳಿದರು.

"ಇನ್ನೊಂದ ಚೂರ ಅನ್ನಾ ಹಾಕವಾ. ಹಸಿವಿ ಬಾಳ ಆಗೇತಿ."

ನಾನು ಎದ್ದು ಒಲೆಯ ಹತ್ತಿರ ಹೋಗಿ, ಅವರಿಗೆ ಬೆನ್ನು ಮಾಡಿ ನಿಂತು, ಮುಳ್ಳನ್ನು ಅಂಗೈಗೆ ಉಗುಳಿಕೊಂಡೆ. ಕಣ್ಣಲ್ಲಿ ನೀರು ಬಂದದ್ದು ಮುಳ್ಳು ಚುಚ್ಚಿದ್ದಕ್ಕೆ ಎಂದೇ ಇವತ್ತಿಗೂ ನನ್ನ ವಾದ. ಅನ್ನದ ಪಾತ್ರೆಯನ್ನೇ ಎತ್ತಿಕೊಂಡು ಹೋದೆ.